ಮಕ್ಕಳ ತಟ್ಟೆಯಲ್ಲಿ ಕಡಿಮೆ ಇದ್ದದ್ದು ಏನು?

ರೇಷನ್ ಅಕ್ಕಿ ಆರಿಸುವಾಗ ನಡುನಡುವೆ ಬೇರೆ ಥರದ ಕಾಳು ಸಿಗುತ್ತವೆ. ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. "ಪ್ಲಾಸ್ಟಿಕ್ ಅಕ್ಕಿ" ಅಂತ ಹೆದರಿ ಎಷ್ಟೋ ಮನೆಗಳಲ್ಲಿ ಅದನ್ನು ಆರಿಸಿ ಎಸೆಯುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು, ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಇದು ಬೇಕೇ ಬೇಕು ಅನ್ನುವ ವಿಜ್ಞಾನಿಗಳಿದ್ದಾರೆ, ಬೇಡ ಅನ್ನುವವರೂ ಇದ್ದಾರೆ. ಈ ಜಗಳ ಹೊಸದಲ್ಲ. ಅದರ ಹಳೆಯ ಸುತ್ತುಗಳಲ್ಲೆಲ್ಲ ಒಂದು ಹೆಸರು ಎದುರಾಗುತ್ತದೆ: ಪೋಷಣಾ ವಿಜ್ಞಾನಿ ಡಾ. ಸಿ. ಗೋಪಾಲನ್.

1918ರಲ್ಲಿ ಗೋಪಾಲನ್ ಸೇಲಂನಲ್ಲಿ ಹುಟ್ಟಿದರು. ಅದೇ ವರ್ಷ ಕೂನೂರಿನಲ್ಲಿ, ವಿಟಮಿನ್ ಬಿ1 ಕೊರತೆಯಿಂದ ಬರುವ ಬೆರಿಬೆರಿ ರೋಗದ ಬಗ್ಗೆ ತಿಳಿಯಲು ಒಂದು ಪುಟ್ಟ ಪ್ರಯೋಗಾಲಯ ಶುರುವಾಯಿತು. ಅದೇ ಬೆಳೆದು, 1950ರ ದಶಕದ ಕೊನೆಗೆ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಯಿತು. ಗೋಪಾಲನ್ ಮದ್ರಾಸಿನಲ್ಲಿ ಡಾಕ್ಟರಿಕೆ ಓದಿ, ಲಂಡನ್ನಿನಲ್ಲಿ ಪಿಎಚ್‌ಡಿ ಮಾಡಿ, ಕೂನೂರು ಸೇರಿ, 1960ರ ದಶಕದಲ್ಲಿ ಆ ಸಂಸ್ಥೆಯ ನಿರ್ದೇಶಕರಾದರು.

ಹೈದರಾಬಾದಿನ ಆ ವರ್ಷಗಳು ನನಗೆ ತುಂಬ ಇಷ್ಟ. ಒಂದು ಕಾರಣ, ನಮ್ಮ ಜೋಳ. ಡೆಕ್ಕನ್‌ನಲ್ಲಿ ಜೋಳದ ರೊಟ್ಟಿಯನ್ನೇ ಹೆಚ್ಚಾಗಿ ತಿನ್ನುವ ಬಡವರಲ್ಲಿ ಪೆಲಾಗ್ರಾ ಅನ್ನುವ, ನಿಯಾಸಿನ್ ಎಂಬ ಬಿ ವಿಟಮಿನ್ ಕೊರತೆಯ ರೋಗ ಕಾಣಿಸುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಕುತ್ತಿಗೆಯ ಸುತ್ತ ಸರ ಹಾಕಿದ ಹಾಗೆ ಪಟ್ಟೆ ಬರುತ್ತದೆ. ಮೆಕ್ಕೆಜೋಳ ತಿನ್ನುವವರ ರೋಗ ಅಂತ ಲೋಕಕ್ಕೆ ಗೊತ್ತಿದ್ದದ್ದು ಬಿಳಿಜೋಳದವರಿಗೆ ಯಾಕೆ? ಜೋಳದಲ್ಲಿ ಲ್ಯೂಸಿನ್ (ಪ್ರೋಟೀನಿನ ಒಂದು ಘಟಕ) ಜಾಸ್ತಿ ಇರುವುದೇ ಕಾರಣ ಇರಬಹುದು ಅಂತ ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಬರೆದರು. ಆಮೇಲೆ ಅದರ ಮೇಲೂ ವಾದ ನಡೆಯಿತು, ಆದರೆ ಆ ಪ್ರಶ್ನೆ ಹುಟ್ಟಿದ್ದು ರೋಗಿಯ ಮನೆಯ ರೊಟ್ಟಿಯಿಂದ.

ಇನ್ನೊಂದು ಕಾರಣ, ಪ್ರೋಟೀನ್. ಆಗ ಇಡೀ ಲೋಕ ಬಡದೇಶಗಳ ಮಕ್ಕಳಿಗೆ ಪ್ರೋಟೀನ್ ಸಾಲದು ಅಂತ ಹೇಳುತ್ತಿತ್ತು, ವಿಶ್ವಸಂಸ್ಥೆಯೂ ಅದನ್ನೇ ಹೇಳಿತು. ಮೀನಿನ ಪುಡಿ, ಶೇಂಗಾ ಹಿಂಡಿಯ ಹಿಟ್ಟು ಅಂತ ಎಲ್ಲೆಡೆ ಪ್ರಯೋಗ. ಗೋಪಾಲನ್ ಮತ್ತು ಜೊತೆಯವರು ನಮ್ಮ ಮಕ್ಕಳ ಊಟ ತೂಗಿ ನೋಡಿದರು. ಅನ್ನವೋ ರೊಟ್ಟಿಯೋ ಹೊಟ್ಟೆ ತುಂಬ ಸಿಕ್ಕರೆ ಬಹುತೇಕ ಮಕ್ಕಳಿಗೆ ಪ್ರೋಟೀನೂ ಸುಮಾರಾಗಿ ಸಿಗುತ್ತದೆ. ಸಿಗದಿದ್ದದ್ದು ಆ ಹೊಟ್ಟೆ ತುಂಬುವಷ್ಟು ಊಟವೇ. ಹಾಗಾಗಿ ಅವರು ಒಂದು ಸರಳ ಪರೀಕ್ಷೆ ಮಾಡಿದರು. ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ ಸೇರಿಸಿ ಮಾಡಿದ ತಿಂಡಿ. ಸುಮಾರು 310 ಕ್ಯಾಲೊರಿ, ಪ್ರೋಟೀನ್ ಬರೀ 3 ಗ್ರಾಂ. ಅದನ್ನು ಚಿಕ್ಕ ಮಕ್ಕಳಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ದಿನಾ ಕೊಟ್ಟರು. ಮಕ್ಕಳು ತೂಕದಲ್ಲೂ ಎತ್ತರದಲ್ಲೂ ಬೆಳೆದರು. 1973ರಲ್ಲಿ ಅದು ಪ್ರಕಟವಾಯಿತು. ನಮ್ಮ ಅಜ್ಜಿಯರು ಮಾಡುವ ಉಂಡೆಗೂ ಇದಕ್ಕೂ ಏನು ದೊಡ್ಡ ವ್ಯತ್ಯಾಸ, ಅಲ್ವಾ?

ಹಸಿವು ಅನ್ನುವುದು ಬಡತನದ ಮಾತು, ಪ್ರೋಟೀನ್ ಡಬ್ಬಿಯ ಮಾತು ಸುಲಭ. ಡಬ್ಬಿ ಹಂಚುವುದು ಕೂಲಿ ಹೆಚ್ಚಿಸುವುದಕ್ಕಿಂತ ಹಗುರ.

ಕೆಲಸ ಕಲಿಸುವುದರಲ್ಲೂ ಅವರು ದೊಡ್ಡವರು ಅಂತ ನನಗೆ ಅನಿಸುವುದು ಸುಮ್ನೆ ಅಲ್ಲ. ಅವರ ನಂತರ ಸಂಸ್ಥೆಯ ನಿರ್ದೇಶಕರಾದ ಶ್ರೀಕಂಠಯ್ಯ, ನರಸಿಂಗ ರಾವ್, ವಿನೋದಿನಿ ರೆಡ್ಡಿ, ಕಮಲಾ ಕೃಷ್ಣಸ್ವಾಮಿ ಎಲ್ಲರೂ ಅವರ ಕಾಲದಲ್ಲೇ ಅಲ್ಲಿ ದುಡಿದವರು. ಶ್ರೀಕಂಠಯ್ಯ ಮುಂದೆ ಮೈಸೂರು ವಿಶ್ವವಿದ್ಯಾಲಯಕ್ಕೂ ಬಂದರು. ಮನೆಮನೆಯ ಊಟ ಅಳೆಯುವ ರಾಷ್ಟ್ರೀಯ ಪೋಷಣಾ ನಿಗಾ ಬ್ಯೂರೊ 1972ರಲ್ಲಿ ಹೈದರಾಬಾದಿನ ಈ ಸಂಸ್ಥೆಯಲ್ಲೇ ಶುರುವಾಯಿತು. ಗೋಪಾಲನ್ ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಹಾನಿರ್ದೇಶಕರಾದರು. 1980ರಲ್ಲಿ ದೆಹಲಿಯಲ್ಲಿ ಪೋಷಣಾ ಪ್ರತಿಷ್ಠಾನ ಕಟ್ಟಿದರು. ಬಡ ಮಕ್ಕಳು ಗಿಡ್ಡ ಇದ್ದರೂ ಆರೋಗ್ಯವಾಗಿದ್ದಾರೆ ಅನ್ನುವ ವಾದ ಆಗ ಬಂದಾಗ ಅದನ್ನು ಗಟ್ಟಿಯಾಗಿ ವಿರೋಧಿಸಿದರು. 2019ರಲ್ಲಿ, 100ನೇ ವಯಸ್ಸಿನಲ್ಲಿ ತೀರಿಕೊಂಡರು.

ವಿಟಮಿನ್ ಎ ವಿಷಯವೇ ನೋಡಿ. ಕುರುಡುತನ ತಡೆಯಲು ಆರು ತಿಂಗಳಿಗೊಮ್ಮೆ ದೊಡ್ಡ ಡೋಸ್ ಕೊಡುವ ಯೋಜನೆ 1970ರಲ್ಲಿ ಹೊರಟಿದ್ದು ಅವರ ಸಂಸ್ಥೆಯ ಕೆಲಸದಿಂದಲೇ. ಕಣ್ಣಿನ ತೊಂದರೆ ಕಡಿಮೆಯಾದ ಮೇಲೆ, ಎಲ್ಲ ಮಕ್ಕಳಿಗೂ ಹೀಗೆ ಸುರಿಯುವುದು ಇನ್ನು ಸಾಕು, ಸೊಪ್ಪು ತರಕಾರಿ ಕೊಡಿ ಅಂತ ಬರೆದವರೂ ಅವರೇ. ತನ್ನ ಮನೆಯಿಂದ ಹೊರಟ ಯೋಜನೆಯನ್ನೇ ಹೀಗೆ ಪ್ರಶ್ನಿಸಲು ಎಷ್ಟು ಜನಕ್ಕೆ ಆಗುತ್ತದೆ?

ಈಗ ರೇಷನ್ ಅಕ್ಕಿಗೆ ಬೆರೆಸುವ ಕಬ್ಬಿಣದ ಸರದಿ. ರಕ್ತಹೀನತೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವ ಹಿಮೋಗ್ಲೋಬಿನ್ ಗೆರೆಯೇ ನಮ್ಮ ಮಕ್ಕಳಿಗೆ ಸರಿಹೊಂದುತ್ತದಾ ಅಂತ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮೊದಲಾದವರು ಕೇಳುತ್ತಿದ್ದಾರೆ. ಇನ್ನೊಂದು ಕಡೆಯವರು ರಕ್ತಹೀನತೆಯ ಅಂಕಿ ತೋರಿಸಿ, ಕಾಯಲು ಸಮಯವಿಲ್ಲ ಅನ್ನುತ್ತಾರೆ. ಬೆರೆಸಿದ ಆ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತಬೇಕಾದರೆ ಊಟದ ಜೊತೆ ಒಂದು ಸೀಬೆಹಣ್ಣೋ ನಿಂಬೆಹೋಳೋ ಇದ್ದರೆ ಒಳ್ಳೆಯದು. ರೇಷನ್ ಚೀಲದಲ್ಲಿ ಅದು ಬರುವುದಿಲ್ಲ.