ಕ್ಲಚ್ ಬದಲಿಸಿದ ಮೇಲೆ ಗೇರ್‌ಬಾಕ್ಸ್ ಹಾಳಾದರೆ ಹೊಣೆ ಯಾರದು?

ಪ್ರಶ್ನೆ: ನಮ್ಮ ಎಂಟು ವರ್ಷ ಹಳೆಯ ಪೆಟ್ರೋಲ್ ಕಾರಿಗೆ ಹೊರಗಿನ ಗ್ಯಾರೇಜೊಂದರಲ್ಲಿ ಕ್ಲಚ್ ಬದಲಿಸಿದ್ದೆವು. ಎರಡೂವರೆ ತಿಂಗಳ ನಂತರ ಐದನೇ ಗೇರಿನಲ್ಲಿ ಗುಂಯ್ ಎಂಬ ಸದ್ದು ಶುರುವಾಗಿ, ದಿನೇ ದಿನೇ ಜೋರಾಗಿ, ಕೊನೆಗೆ ಹೆದ್ದಾರಿಯಲ್ಲಿ ಗೇರ್‌ಬಾಕ್ಸ್ ಜಾಮ್ ಆಗಿ ನಿಂತಿತು. ಗ್ಯಾರೇಜಿನವರನ್ನು ಕೇಳಿದರೆ, "ನಾವು ಮಾಡಿದ್ದು ಕ್ಲಚ್ ಕೆಲಸ, ಗೇರ್‌ಬಾಕ್ಸ್ ಬಿಚ್ಚಿಯೇ ಇಲ್ಲ, ಗಾಡಿ ಹಳೆಯದು" ಎನ್ನುತ್ತಾರೆ. ಇದು ಅವರ ತಪ್ಪೇ ಅಲ್ಲವೇ?

ಉತ್ತರ: ಗ್ಯಾರೇಜಿನವರು ಹೇಳಿದ ಮಾತಿನಲ್ಲಿ ಅರ್ಧ ಮಾತ್ರ ಸರಿ. ಕ್ಲಚ್ ಬದಲಿಸಲು ಗೇರ್‌ಬಾಕ್ಸಿನ ಒಳಭಾಗವನ್ನು ಬಿಚ್ಚಬೇಕಾಗಿಲ್ಲ, ನಿಜ. ಆದರೆ ಮುಂದಿನ ಚಕ್ರಗಳು ಎಳೆಯುವ ಕಾರಿನಲ್ಲಿ ಕ್ಲಚ್ ಪ್ಲೇಟ್ ಇರುವುದು ಇಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ. ಅದನ್ನು ತಲುಪಬೇಕಾದರೆ ಇಡೀ ಗೇರ್‌ಬಾಕ್ಸನ್ನು ಕೆಳಗಿಳಿಸಬೇಕು, ಅದನ್ನು ಇಳಿಸಬೇಕಾದರೆ ಚಕ್ರಗಳನ್ನು ತಿರುಗಿಸುವ ಎರಡೂ ಬದಿಯ ದಂಡಗಳನ್ನು, ಅಂದರೆ ಡ್ರೈವ್ ಶಾಫ್ಟ್‌ಗಳನ್ನು ಹೊರಗೆಳೆಯಬೇಕು, ಅವನ್ನು ಎಳೆದರೆ ಆ ರಂಧ್ರಗಳಿಂದ ಗೇರ್ ಆಯಿಲ್ ಸುರಿಯುತ್ತದೆಯಾದ್ದರಿಂದ ಮೊದಲೇ ಆಯಿಲ್ ಇಳಿಸಿಕೊಳ್ಳಬೇಕು. ಅಂದರೆ ಗೇರ್‌ಬಾಕ್ಸಿನ ಜೀವಾಳವಾದ ಆಯಿಲ್, ಅದನ್ನು ಒಳಗೆ ಹಿಡಿದಿಡುವ ಸೀಲ್‌ಗಳು, ಇಂಜಿನ್ ಜೊತೆಗಿನ ಜೋಡಣೆ, ಈ ಮೂರಕ್ಕೂ ಅವರ ಕೈ ತಾಗಿಯೇ ಇದೆ. ಕೈ ತಾಗಿದ ಮಾತ್ರಕ್ಕೆ ತಪ್ಪು ಅವರದೇ ಎಂದಾಗುವುದಿಲ್ಲ. ರಿಪೇರಿಯ ನಂತರ ಕೆಟ್ಟದ್ದೆಲ್ಲ ರಿಪೇರಿಯಿಂದಲೇ ಕೆಟ್ಟಿತೆನ್ನುವುದು ಒಳ್ಳೆಯ ಕೆಲಸಗಾರರಿಗೆ ಮಾಡುವ ಅನ್ಯಾಯ. ಯಾವುದರಿಂದ ಕೆಟ್ಟಿತೆಂಬುದನ್ನು ಹಾಳಾದ ಭಾಗಗಳೇ ತೋರಿಸಬೇಕು, ಮತ್ತು ಸಾಮಾನ್ಯವಾಗಿ ತೋರಿಸುತ್ತವೆ.

ಮೊದಲು ಬಿಲ್ ತೆಗೆದು ನೋಡಿ. ಸಣ್ಣ ಕಾರಿನ ಮ್ಯಾನ್ಯುವಲ್ ಗೇರ್‌ಬಾಕ್ಸ್ ಸುಮಾರು ಎರಡು ಲೀಟರ್ ಆಯಿಲ್ ಹಿಡಿಯುತ್ತದೆ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮತ್ತು ಕೂಲಿಯ ಜೊತೆಗೆ ಗೇರ್ ಆಯಿಲ್ ಎಂಬ ಸಾಲು ಅಲ್ಲಿ ಇಲ್ಲದಿದ್ದರೆ, ಟ್ರೇಯಲ್ಲಿ ಹಿಡಿದ ಹಳೆಯ ಆಯಿಲನ್ನೇ ಮತ್ತೆ ಸುರಿದಿರಬೇಕು, ಅಥವಾ ಪೂರ್ತಿ ತುಂಬಿಸಿಲ್ಲದಿರಬೇಕು. ಹೆಚ್ಚಿನ ಮ್ಯಾನ್ಯುವಲ್ ಕಾರುಗಳಲ್ಲಿ ಗೇರ್ ಆಯಿಲ್ ಕಡಿಮೆಯಾದರೆ ಎಚ್ಚರಿಸುವ ದೀಪ ಇರುವುದಿಲ್ಲ, ಇಂಜಿನ್ನಿಗೆ ಇರುವಂತೆ ಅಳತೆಯ ಕಡ್ಡಿಯೂ ಇರುವುದಿಲ್ಲ. ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ಬದಿಯ ಬೋಲ್ಟ್ ಬಿಚ್ಚಿ, ಆ ರಂಧ್ರದ ಅಂಚಿನವರೆಗೆ ಆಯಿಲ್ ಇದೆಯೇ ಎಂದು ನೋಡುವುದೊಂದೇ ದಾರಿ. ಹಾಗಾಗಿ ಇಲ್ಲಿ ಆದ ಕೊರತೆ ಮಾಲೀಕರ ಕಣ್ಣಿಗೆ ಬೀಳುವುದು ಸದ್ದು ಬಂದ ಮೇಲೆಯೇ.

ನಿಮ್ಮ ಪ್ರಕರಣದಲ್ಲಿ ಎರಡೂವರೆ ತಿಂಗಳ ಅಂತರ ಬಹಳ ಮುಖ್ಯವಾದದ್ದು. ಆಯಿಲ್ ತುಂಬಿಸುವುದನ್ನೇ ಮರೆತಿದ್ದರೆ ಗೇರ್‌ಬಾಕ್ಸ್ ಅಷ್ಟು ದಿನ ತಾಳುತ್ತಿರಲಿಲ್ಲ. ನಿಧಾನವಾದ ಸೋರಿಕೆಗೆ ಈ ಅವಧಿ ಚೆನ್ನಾಗಿ ಹೊಂದುತ್ತದೆ. ಡ್ರೈವ್ ಶಾಫ್ಟನ್ನು ಮರಳಿ ಕೂರಿಸುವಾಗ ಅದರ ತುದಿಯ ಹಲ್ಲುಗಳು ಆಯಿಲ್ ಸೀಲಿನ ಮೃದುವಾದ ರಬ್ಬರ್ ಅಂಚಿನ ಮೂಲಕ ಹಾದುಹೋಗಬೇಕು. ಶಾಫ್ಟನ್ನು ನೇರವಾಗಿ ಹಿಡಿಯದೆ ಒರಗಿಸಿ ತಳ್ಳಿದರೆ ಆ ಅಂಚು ಕೊರೆದುಹೋಗುತ್ತದೆ, ಇಲ್ಲವೇ ಅದರ ಹಿಂದಿರುವ ತೆಳು ಸ್ಪ್ರಿಂಗ್ ಜಾಗ ಬಿಟ್ಟು ಜಾರುತ್ತದೆ. ಹೀಗಾಗಬಾರದೆಂದೇ ಎಚ್ಚರವಿರುವ ಮೆಕ್ಯಾನಿಕ್‌ಗಳು ಗೇರ್‌ಬಾಕ್ಸ್ ಇಳಿಸಿದಾಗ ಎರಡೂ ಸೀಲ್‌ಗಳನ್ನು ಹೊಸದು ಹಾಕುತ್ತಾರೆ. ಕ್ಲಚ್ ಸೆಟ್ಟಿನ ಬೆಲೆಯ ಮುಂದೆ ಅವುಗಳ ಬೆಲೆ ಲೆಕ್ಕಕ್ಕೇ ಬಾರದು. ಸೀಲ್ ಸೋರಿದ್ದರೆ ಡ್ರೈವ್ ಶಾಫ್ಟಿನ ಬುಡದಲ್ಲಿ ಧೂಳು ಆಯಿಲಿಗೆ ಅಂಟಿ ಕಪ್ಪಾಗಿ ದಪ್ಪಗೆ ಕೂತಿರುತ್ತದೆ, ಗೇರ್ ಆಯಿಲಿಗೇ ವಿಶಿಷ್ಟವಾದ ಗಂಧಕದ ಘಾಟು ಇರುತ್ತದೆ. ಕಾರನ್ನು ಪ್ರೆಷರ್ ವಾಶ್ ಮಾಡಿಸಿದರೆ ಈ ಗುರುತು ಹೊರಟುಹೋಗುತ್ತದೆ.

ಐದನೇ ಗೇರೇ ಮೊದಲು ಸದ್ದು ಮಾಡಿದ್ದು ಕೂಡ ಆಯಿಲ್ ಕೊರತೆಯ ಕಡೆಗೇ ಬೆರಳು ತೋರಿಸುತ್ತದೆ. ಅನೇಕ ಕಾರುಗಳಲ್ಲಿ ಐದನೇ ಗೇರಿನ ಜೋಡಿ ಪೆಟ್ಟಿಗೆಯ ತುದಿಯಲ್ಲಿ, ಬೇರೆ ಮುಚ್ಚಳದಡಿ ಇರುತ್ತದೆ. ಆಯಿಲ್ ಮಟ್ಟ ಇಳಿದಾಗ ಮೊದಲು ಒಣಗುವುದು ಆ ಜಾಗ.

ಇನ್ನು ಬಿಚ್ಚಿದ ಮೇಲೆ ಲೋಹವನ್ನು ಓದುವ ಕೆಲಸ. ಆಯಿಲ್ ಇಲ್ಲದೆ ಉಜ್ಜಿದ ಉಕ್ಕು ಕಾಯುತ್ತಾ ಹೋದಂತೆ ಅದರ ಬಣ್ಣ ತಿಳಿ ಹಳದಿಯಿಂದ ಕಂದಿಗೆ, ಅಲ್ಲಿಂದ ಸುಮಾರು 300 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನೀಲಿಗೆ ತಿರುಗುತ್ತದೆ. ಬೇರಿಂಗ್ ಮತ್ತು ಗೇರುಗಳ ಮೇಲೆ ಈ ನೀಲಿ ಛಾಯೆ ಹರಡಿದ್ದರೆ ಅವು ಆಯಿಲಿಲ್ಲದೆ ಸುಟ್ಟಿವೆಯೆಂದೇ ತಿಳಿಯಬೇಕು. ವಯಸ್ಸಿನಿಂದ ಸವೆದ ಬೇರಿಂಗ್ ಕಾಣುವ ರೀತಿಯೇ ಬೇರೆ: ಗುಂಡುಗಳು ಓಡುವ ಹಾದಿಯಲ್ಲಿ ಲೋಹ ಚಕ್ಕೆಚಕ್ಕೆಯಾಗಿ ಎದ್ದಿರುತ್ತದೆ, ಬಣ್ಣ ಕೆಟ್ಟಿರುವುದಿಲ್ಲ, ಹೊರಬಂದ ಆಯಿಲ್ ಪ್ರಮಾಣದಲ್ಲಿ ಸರಿಯಾಗಿಯೇ ಇರುತ್ತದೆ. ಹಲ್ಲು ಅಥವಾ ಶಾಫ್ಟ್ ಮುರಿದಿದ್ದರೆ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ಕಡಿದ ಮರದ ಉಂಗುರಗಳಂತೆ ಬಾಗಿದ ಗೆರೆಗಳು ಕಂಡರೆ ಬಿರುಕು ನಿಧಾನವಾಗಿ ಬೆಳೆದುಬಂದದ್ದು, ಬಹುಶಃ ಕ್ಲಚ್ ಕೆಲಸಕ್ಕೂ ಮೊದಲೇ ಹುಟ್ಟಿದ್ದು. ಇಡೀ ಮುಖ ಒರಟಾಗಿ, ಹೊಳೆಯುವ ಕಣಗಳಿಂದ ಕೂಡಿದ್ದರೆ ಒಮ್ಮೆಲೇ ಬಿದ್ದ ಹೊರೆಗೆ ಮುರಿದದ್ದು. ಡ್ರೈನ್ ಬೋಲ್ಟಿನಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿರುವುದು ಎಂಟು ವರ್ಷದ ಗಾಡಿಯಲ್ಲಿ ಸಹಜ.

ಮೆಕ್ಯಾನಿಕ್ ಕೈಯಿಂದ ಆಗಬಹುದಾದ ಇನ್ನೊಂದು ಹಾನಿ ಜೋಡಣೆಯದು. ಇಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ನೇರದಲ್ಲಿ ಕೂರಲೆಂದು ನಡುವೆ ಡೋವೆಲ್ ಪಿನ್‌ಗಳಿರುತ್ತವೆ. ಅವು ಬಿದ್ದುಹೋಗಿದ್ದರೂ ಬೋಲ್ಟ್ ಬಿಗಿಯುತ್ತದೆ, ಗಾಡಿಯೂ ಓಡುತ್ತದೆ, ಆದರೆ ಇಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿನೊಳಗೆ ಒಯ್ಯುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಪ್ರತಿ ಸುತ್ತಿಗೂ ಓರೆಯಾಗಿ ಸವೆಯುತ್ತದೆ. ಹೀಗಾಗಿದ್ದರೆ ಕ್ಲಚ್ ಬಿಡುವಾಗ ನಡುಕ ಇರುತ್ತಿತ್ತು, ನ್ಯೂಟ್ರಲ್‌ನಲ್ಲಿ ನಿಂತಾಗ ಕೇಳುವ ಸದ್ದು ಕ್ಲಚ್ ಒತ್ತಿದೊಡನೆ ನಿಲ್ಲುತ್ತಿತ್ತು. ನೀವು ಬರೆದಿರುವುದು ಐದನೇ ಗೇರಿನ ಸದ್ದಾದ್ದರಿಂದ ಇದರ ಸಾಧ್ಯತೆ ಕಡಿಮೆ. ತಪ್ಪು ದರ್ಜೆಯ ಆಯಿಲ್ ಹಾಕಿದ್ದರೂ ಅದು ಗೇರ್ ಸಲೀಸಾಗಿ ಬೀಳಲು ನೆರವಾಗುವ ಸಿಂಕ್ರೊ ಉಂಗುರಗಳನ್ನು ಕೆಡಿಸಿ ಗೇರ್ ಬೀಳದಂತೆ ಮಾಡೀತೇ ಹೊರತು ಎರಡೂವರೆ ತಿಂಗಳಿಗೆ ಗೇರ್‌ಬಾಕ್ಸನ್ನು ಜಾಮ್ ಮಾಡುವುದು ಅಪರೂಪ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಹೊರಬರುವ ಆಯಿಲ್ ಅರ್ಧ ಲೀಟರಿನ ಆಸುಪಾಸಿನಲ್ಲಿದ್ದು, ಸೀಲಿನ ಬುಡ ತೊಯ್ದಿದ್ದು, ಬೇರಿಂಗ್ ನೀಲಿಗಟ್ಟಿದ್ದರೆ ಗ್ಯಾರೇಜಿನವರು ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಆಯಿಲ್ ಪೂರ್ತಿಯಿದ್ದು ಹೊರಗೆಲ್ಲ ಒಣಗಿದ್ದರೆ ನೀವು ಅವರ ಮೇಲೆ ದೂರು ಹೊರಿಸಬಾರದು.

ಇವೆಲ್ಲ ತಿಳಿಯಬೇಕಾದರೆ ಸಾಕ್ಷ್ಯ ಉಳಿದಿರಬೇಕು. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದಲೋ ಜೆ.ಸಿ. ರಸ್ತೆಯಿಂದಲೋ ಹಳೆಯ ಗೇರ್‌ಬಾಕ್ಸ್ ತಂದು ಕೂರಿಸಿ, ಹಾಳಾದದ್ದನ್ನು ಅಲ್ಲಿಯೇ ಕೊಟ್ಟುಬಿಡುವುದು ಅಗ್ಗದ ದಾರಿಯಾಗಿ ಕಾಣಬಹುದು. ಅದರೊಂದಿಗೆ ನಿಮ್ಮ ವಾದವೂ ಗುಜರಿ ಸೇರುತ್ತದೆ. ಬಿಚ್ಚುವ ದಿನ ಮೊದಲಿನ ಗ್ಯಾರೇಜಿನವರಿಗೆ ಬರಹದಲ್ಲಿ ತಿಳಿಸಿ ಬರಲು ಹೇಳಿ, ಆಯಿಲನ್ನು ಶುಭ್ರವಾದ ಪಾತ್ರೆಗೆ ಇಳಿಸಿ ಅಳೆದು ಫೋಟೊ ತೆಗೆಯಿರಿ, ಸೀಲ್‌ಗಳನ್ನೂ ಬೇರಿಂಗ್‌ಗಳನ್ನೂ ಎತ್ತಿಡಿ. ವಾಹನದ ಹಾನಿಯನ್ನು ಪರಿಶೀಲಿಸುವ, ಪರವಾನಗಿ ಪಡೆದ ಸರ್ವೇಯರ್ ಅಥವಾ ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕರೊಬ್ಬರಿಂದ ಬರಹದ ವರದಿ ಪಡೆಯಿರಿ. ಹೊಸ ಗ್ಯಾರೇಜಿನವರು ಹಳೆಯ ಗ್ಯಾರೇಜಿನ ಬಗ್ಗೆ ಬಾಯಲ್ಲಿ ಹೇಳಿದ್ದಕ್ಕೆ ಹೆಚ್ಚು ಬೆಲೆಯಿಲ್ಲ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ದೂರು ಕೊಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವೆಯಲ್ಲಿನ ನಿರ್ಲಕ್ಷ್ಯವೂ ಸೇವಾ ನ್ಯೂನತೆಯೇ ಆಗುತ್ತದೆ. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆದರೆ ನ್ಯೂನತೆಯನ್ನು ಸಾಬೀತುಪಡಿಸುವ ಹೊಣೆ ದೂರುದಾರರದೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಸದ್ದು ಕೇಳಿದ ಮೇಲೂ ನೀವು ಎಷ್ಟು ದಿನ ಗಾಡಿ ಓಡಿಸಿದಿರಿ ಎಂಬ ಪ್ರಶ್ನೆಯನ್ನು ಎದುರುಪಕ್ಷದವರು ಕೇಳಿಯೇ ಕೇಳುತ್ತಾರೆ, ಅದಕ್ಕೆ ಉತ್ತರ ಸಿದ್ಧವಿರಲಿ. ಕಾರಿನ ಸಾಮಾನ್ಯ ವಿಮೆಯಲ್ಲಿ ಯಾಂತ್ರಿಕ ಕೆಡುಕಿಗೆ ಪರಿಹಾರ ಸಿಗುವುದಿಲ್ಲವಾದ್ದರಿಂದ ಅತ್ತ ಓಡಾಡಿ ಈ ಅವಧಿಯನ್ನು ಕಳೆಯಬೇಡಿ.