ಡಬ್ಲಿನ್‌ನಿಂದ ಕಿಲ್ಕೆನಿಗೆ ಹೋಗಿಬರೋಕೆ ಒಂದೇ ದಿನ ಸಾಕಾ?

ಓದುಗರ ಪ್ರಶ್ನೆ: ಮಗಳು ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ನಾವಿಬ್ಬರೂ ಜೂನ್‌ನಲ್ಲಿ ಅವಳ ಹತ್ತಿರ ಹೋಗುತ್ತಿದ್ದೇವೆ. ಕಿಲ್ಕೆನಿ ಅನ್ನೋ ಹಳೇ ಊರು ತುಂಬಾ ಚೆನ್ನಾಗಿದೆ, ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು ಅಂತ ಎಲ್ಲರೂ ಹೇಳುತ್ತಾರೆ. ಒಂದು ದಿನ ಸಾಕಾ, ಇಲ್ಲ ಉಳಿದುಕೊಳ್ಳಬೇಕಾ?

ಉಳಿದುಕೊಳ್ಳಿ. ಎರಡು ರಾತ್ರಿ ಉಳಿದರೆ ಊರಿಗೆ ಒಂದು ದಿನ, ಊರಾಚೆಗೆ ಒಂದು ದಿನ ಸಿಗುತ್ತದೆ. ಮಕ್ಕಳನ್ನು ನೋಡಲು ಐರ್ಲೆಂಡಿಗೆ ಹೋಗುವ ತಂದೆತಾಯಂದಿರು ಈ ಪ್ರಶ್ನೆಯನ್ನು ತುಂಬಾ ಕೇಳುತ್ತಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ದಿನದಲ್ಲಿ ಹೋಗಿಬರೋದು ಕಷ್ಟವೇನಲ್ಲ. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ರೈಲು ಸುಮಾರು ಒಂದೂವರೆ ಗಂಟೆ, ನಿಲ್ದಾಣದಿಂದ ಊರಿಗೆ ನಡೆದೇ ಹೋಗಬಹುದು. ಆದರೆ ಒಂದು ದಿನದ ಬಸ್ ಟೂರ್‌ಗಳಲ್ಲಿ ಹೆಚ್ಚಿನವು ವಿಕ್ಲೋ ಬೆಟ್ಟ, ಗ್ಲೆಂಡಲೋಕ್, ಕಿಲ್ಕೆನಿ ಮೂರನ್ನೂ ಒಟ್ಟಿಗೆ ಸೇರಿಸಿರುತ್ತವೆ. ಕಿಲ್ಕೆನಿಗೆ ಉಳಿಯೋದು ಸ್ವಲ್ಪ ಹೊತ್ತು ಮಾತ್ರ, ಅಷ್ಟರಲ್ಲಿ ಕೋಟೆಯ ಮುಂದೆ ಫೋಟೋ, ಒಂದು ಕಾಫಿ, ಅಲ್ಲಿಗೆ ಮುಗಿಯಿತು. ಇಂಥ ಊರನ್ನು ಹಾಗೆ ಮುಟ್ಟಿ ಬರೋದು ನನಗಂತೂ ಸಂಕಟದ ವಿಷಯ.

ಯಾಕೆ ಅಂದ್ರೆ ಕಿಲ್ಕೆನಿ ಚಿಕ್ಕ ಊರು, ಜನಸಂಖ್ಯೆ 30 ಸಾವಿರವೂ ಇಲ್ಲ, ಆದರೆ 1609ರಲ್ಲೇ ರಾಜನ ಸನ್ನದಿನಿಂದ ನಗರ ಅಂತ ಹೆಸರು ಪಡೆದದ್ದು. ನೋಡಬೇಕಾದದ್ದೆಲ್ಲ ಹೆಚ್ಚುಕಡಿಮೆ ಒಂದೇ ರಸ್ತೆಯ ಉದ್ದಕ್ಕೂ ಇದೆ. ಒಂದು ತುದಿಯಲ್ಲಿ ಕೋಟೆ, ಇನ್ನೊಂದು ತುದಿಯಲ್ಲಿ ಸೇಂಟ್ ಕ್ಯಾನಿಸ್ ಕ್ಯಾಥೆಡ್ರಲ್, ಪಕ್ಕದಲ್ಲಿ ನೋರ್ ನದಿ. ಸುಮ್ಮನೆ ನಡೆದರೆ ಅರ್ಧ ಗಂಟೆಯೂ ಬೇಡ. ಈ ಲೆಕ್ಕ ನೋಡಿಯೇ ಜನ ಒಂದು ದಿನ ಸಾಕು ಅನ್ನುತ್ತಾರೆ.

ಬಹಳ ಜನ ಕೋಟೆಯಿಂದ ಶುರು ಮಾಡುತ್ತಾರೆ. ನಾನು ಹೇಳೋದು ಕ್ಯಾಥೆಡ್ರಲ್‌ನಿಂದ ಶುರು ಮಾಡಿ ಅಂತ. ಅದು 13ನೇ ಶತಮಾನದ್ದು. ಪಕ್ಕದಲ್ಲೇ ನಿಂತಿರುವ ದುಂಡು ಗೋಪುರ ಅದಕ್ಕಿಂತಲೂ ಹಳೆಯದು, 9ನೇ ಶತಮಾನದ್ದು ಅನ್ನುತ್ತಾರೆ. ಎತ್ತರ ಸುಮಾರು 30 ಮೀಟರ್. ಐರ್ಲೆಂಡಿನಲ್ಲಿ ಇಂಥ ಗೋಪುರಗಳು ಬೇಕಾದಷ್ಟಿವೆ, ಆದರೆ ಒಳಗೆ ಹತ್ತಲು ಬಿಡೋದು ಬೆರಳೆಣಿಕೆಯಷ್ಟರಲ್ಲಿ ಮಾತ್ರ. ಒಳಗೆ ಕಡಿದಾದ ಮರದ ಏಣಿಗಳು, ಒಂದು ಅಂತಸ್ತು ಹತ್ತಿ ಸುಧಾರಿಸಿಕೊಂಡು ಮತ್ತೊಂದು ಅಂತಸ್ತು. ಮೇಲಿನಿಂದ ಒಬ್ಬರು ಇಳಿಯುತ್ತಿದ್ದರೆ ಕೆಳಗಿನವರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು, ಅಷ್ಟು ಇಕ್ಕಟ್ಟು. ಮಂಡಿ ನೋವಿದ್ದರೆ ಖಂಡಿತ ಬೇಡ. ಗಾಳಿ ಮಳೆ ಜೋರಿದ್ದರೆ ಅವರೇ ಮುಚ್ಚಿರುತ್ತಾರೆ. ಹತ್ತಲು ಆಗುವವರು ಮಾತ್ರ ಬಿಡಬೇಡಿ. ತುದಿಯ ಶಂಕುವಿನಾಕಾರದ ಟೋಪಿ ಯಾವತ್ತೋ ಬಿದ್ದುಹೋಗಿದೆ, ಹಾಗಾಗಿ ಆಕಾಶದ ಕೆಳಗೆ ನಿಂತು ಕೋಟೆ, ಚರ್ಚುಗಳು, ನದಿ, ಅದರಾಚೆಗೆ ಹಸಿರು ಹೊಲಗಳನ್ನು ಒಟ್ಟಿಗೆ ನೋಡಬಹುದು. ಊರು ಎಷ್ಟು ಬೇಗ ಮುಗಿದು ಹಳ್ಳಿ ಶುರುವಾಗುತ್ತೆ ಅನ್ನೋದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಕ್ಯಾಥೆಡ್ರಲ್ ಒಳಗೆ ಹೋದರೆ, ಕೋಟೆಯ ಒಡೆಯರಾಗಿದ್ದ ಬಟ್ಲರ್ ಮನೆತನದ ಸಮಾಧಿಗಳನ್ನು ನಿಧಾನವಾಗಿ ನೋಡಿ. ಪಿಯರ್ಸ್ ಬಟ್ಲರ್ ಮತ್ತು ಅವನ ಹೆಂಡತಿ ಮಾರ್ಗರೆಟ್ ಅಕ್ಕಪಕ್ಕ ಮಲಗಿರುವ ಹಾಗೆ ಕಪ್ಪು ಕಲ್ಲಿನಲ್ಲಿ ಕೆತ್ತಿದ್ದಾರೆ, ಅವನಿಗೆ ಯುದ್ಧದ ಕವಚ, ಅವಳಿಗೆ ಮಡಿಕೆ ಮಡಿಕೆಯಾದ ಉಡುಪು. ಈ ಕಲ್ಲಿಗೆ ಕಿಲ್ಕೆನಿ ಮಾರ್ಬಲ್ ಅಂತ ಹೆಸರು, ನಿಜದಲ್ಲಿ ಅದು ಪಾಲಿಶ್ ಮಾಡಿದರೆ ಕಪ್ಪಗೆ ಹೊಳೆಯುವ ಸುಣ್ಣಕಲ್ಲು, ಊರಿನ ಪಕ್ಕದ ಗಣಿಯದ್ದೇ. ಈ ಭಾಗದಲ್ಲಿ ಸಮಾಧಿ ಕೆತ್ತನೆಗೆ ಹೆಸರಾದವರು ಹತ್ತಿರದ ಕ್ಯಾಲನ್ ಊರಿನ ಒಟನಿ ಮನೆತನದ ಶಿಲ್ಪಿಗಳು. ಈ ಹೆಸರು ನೆನಪಿರಲಿ, ಎರಡನೇ ದಿನ ಮತ್ತೆ ಬೇಕಾಗುತ್ತದೆ.

ಅಲ್ಲಿಂದ ಕೋಟೆಯ ಕಡೆ ನಡೆಯುವಾಗ ರೋಥ್ ಹೌಸ್ ಸಿಗುತ್ತದೆ. ಜಾನ್ ರೋಥ್ ಅನ್ನೋ ವ್ಯಾಪಾರಿ 1594ರಿಂದ 1610ರ ನಡುವೆ ಒಂದರ ಹಿಂದೆ ಒಂದು ಮೂರು ಮನೆ ಕಟ್ಟಿಸಿದ, ನಡುನಡುವೆ ಅಂಗಳ, ಕೊನೆಯಲ್ಲಿ ಉದ್ದದ ಹಿತ್ತಲು. ಆ ಹಿತ್ತಲಿನಲ್ಲಿ ಈಗಲೂ 17ನೇ ಶತಮಾನದ ರೀತಿಯಲ್ಲೇ ತರಕಾರಿ, ಗಿಡಮೂಲಿಕೆ, ಹಣ್ಣಿನ ಗಿಡ ಬೆಳೆಸಿದ್ದಾರೆ. ಕೋಟೆಗಿಂತ ಇದೇ ನನಗೆ ಹೆಚ್ಚು ಇಷ್ಟ. ದೊರೆಗಳು ಹೇಗೆ ಬದುಕಿದರು ಅನ್ನೋದನ್ನು ಎಲ್ಲ ಕಡೆಯೂ ತೋರಿಸುತ್ತಾರೆ, ಒಬ್ಬ ವರ್ತಕನ ಅಡುಗೆಮನೆಯನ್ನು ಎಷ್ಟು ಕಡೆ ನೋಡೋಕೆ ಸಿಗುತ್ತೆ ಹೇಳಿ.

ಅದೇ ದಾರಿಯಲ್ಲಿ ಸ್ವಲ್ಪ ಒಳಗೆ ಕಿಟ್ಲರ್ಸ್ ಇನ್ ಅನ್ನೋ ಪಬ್ ಇದೆ. 1324ರಲ್ಲಿ ಆಲಿಸ್ ಕಿಟ್ಲರ್ ಅನ್ನೋ ಶ್ರೀಮಂತ ಹೆಂಗಸಿನ ಮೇಲೆ ಇಲ್ಲಿನ ಬಿಷಪ್ ಮಾಟಗಾತಿ ಅಂತ ಆರೋಪ ಹೊರಿಸಿದ. ಆಲಿಸ್ ತಪ್ಪಿಸಿಕೊಂಡಳು. ಅವಳ ಮನೆಗೆಲಸದ ಪೆಟ್ರೊನಿಲ್ಲಾ ಎಂಬ ಹೆಣ್ಣುಮಗಳನ್ನು ಹಿಡಿದು, ಹೊಡೆದು, ಜೀವಂತ ಸುಟ್ಟರು. ಪಬ್‌ಗೆ ಆಲಿಸ್ ಹೆಸರಿದೆ. ಅಲ್ಲಿ ನಿಂತಾಗ ಪೆಟ್ರೊನಿಲ್ಲಾಳನ್ನೂ ನೆನೆಯಿರಿ.

ಕೋಟೆಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 1391ರಲ್ಲಿ ಬಟ್ಲರ್‌ಗಳು ಕೊಂಡು, 1935ರವರೆಗೂ ಅಲ್ಲಿದ್ದರು. 1967ರಲ್ಲಿ ಬರೀ 50 ಪೌಂಡ್‌ಗೆ ಊರಿಗೆ ಬಿಟ್ಟುಕೊಟ್ಟರು. ಒಳಗೆ ಚಿತ್ರಗಳು ತುಂಬಿದ ಉದ್ದದ ಗ್ಯಾಲರಿ ನೋಡಬೇಕಾದದ್ದೇ. ಪಾರ್ಕಿಗೆ ಟಿಕೆಟ್ ಇಲ್ಲ. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಹಾಗಾಗಿ ಊಟ ಮುಗಿಸಿ ಕೋಟೆಯ ಕೆಳಗಿನ ನದಿ ದಂಡೆಯಲ್ಲಿ ಓಡಾಡಿ. ಉಳಿದುಕೊಂಡವರಿಗೆ ಮಾತ್ರ ಸಿಗುವ ಹೊತ್ತು ಅದು. ಪಾರ್ಕಿನಲ್ಲಿ ಮಕ್ಕಳು ಮರದ ಬ್ಯಾಟ್ ಹಿಡಿದು ಚೆಂಡು ಬಾರಿಸುತ್ತಿದ್ದರೆ ಅದು ಹರ್ಲಿಂಗ್. 1366ರಲ್ಲಿ ಇದೇ ಊರಿನಲ್ಲಿ ಮಾಡಿದ ಕಾನೂನುಗಳು ಇಲ್ಲಿ ನೆಲೆಸಿದ್ದ ಇಂಗ್ಲಿಷರು ಐರಿಶ್ ಭಾಷೆ ಆಡಬಾರದು, ಐರಿಶರನ್ನು ಮದುವೆಯಾಗಬಾರದು, ಈ ಆಟವನ್ನೂ ಆಡಬಾರದು ಅಂತ ತಡೆದಿದ್ದವು. ಇವತ್ತು ಅಖಿಲ ಐರ್ಲೆಂಡ್ ಹರ್ಲಿಂಗ್ ಪ್ರಶಸ್ತಿಯನ್ನು ಅತಿ ಹೆಚ್ಚು ಸಲ ಗೆದ್ದಿರುವುದು ಕಿಲ್ಕೆನಿಯೇ.

ಇನ್ನು ಎರಡನೇ ದಿನ. ನಾನು ಉಳಿಯಿರಿ ಅಂತ ಇಷ್ಟು ಒತ್ತಿ ಹೇಳೋದು ಈ ದಿನಕ್ಕಾಗಿ. ದಕ್ಷಿಣಕ್ಕೆ ನೋರ್ ಕಣಿವೆಯಲ್ಲಿ ಇಳಿದರೆ ಥಾಮಸ್‌ಟೌನ್ ಹತ್ತಿರ ಜೆರ್‌ಪಾಯಿಂಟ್ ಅಬಿ ಇದೆ. 12ನೇ ಶತಮಾನದ ಕ್ರೈಸ್ತ ಸನ್ಯಾಸಿಗಳ ಮಠ, ಈಗ ಛಾವಣಿಯಿಲ್ಲ. ಅದರ ಕೈಸಾಲೆಯ ಕಂಬಗಳ ಮೇಲೆ ಯೋಧರು, ಹೆಂಗಸರು, ಸಂತರು, ಪ್ರಾಣಿಗಳು ಇದ್ದಾರೆ. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿರುವ ಒಬ್ಬ ಮನುಷ್ಯನಿದ್ದಾನೆ, ಹೊಟ್ಟೆನೋವಿನವನು ಅಂತಲೇ ಪ್ರಸಿದ್ಧ. ಅವನನ್ನು ಹುಡುಕಿ. 600 ವರ್ಷದ ಹಿಂದೆ ಯಾರೋ ಶಿಲ್ಪಿ ಪ್ರಾರ್ಥನೆಯ ಜಾಗದಲ್ಲಿ ಇಂಥ ಸಾಮಾನ್ಯ ಸಂಕಟವನ್ನು ಕಲ್ಲಿನಲ್ಲಿ ಕೂರಿಸಿದ್ದಾನಲ್ಲ, ನನಗೆ ಅದು ಅದ್ಭುತ ಅನಿಸುತ್ತದೆ. ಇಲ್ಲಿನ ಸಮಾಧಿಗಳ ಬದಿಯಲ್ಲಿ ಸಾಲಾಗಿ ನಿಂತ ಸಂತರನ್ನೂ ನೋಡಿ, ಒಟನಿ ಮನೆತನದ ಕೈಕೆಲಸ ಇಲ್ಲೂ ಇದೆ. ಊರನ್ನೂ ಈ ಕಣಿವೆಯನ್ನೂ ಬೇರೆ ಬೇರೆ ಮಾಡಿ ನೋಡೋಕಾಗಲ್ಲ ಅಂತ ನಾನು ಹೇಳೋದು ಇದಕ್ಕೇ. ಶಿಲ್ಪಿಗಳೂ ಹಳ್ಳಿ ಕಡೆಯವರು, ಊರಿನ ಶ್ರೀಮಂತಿಕೆಗೂ ಈ ಹೊಲಗಳೇ ಆಸರೆ.

ಅಲ್ಲಿಂದ ಕೆಲ್ಸ್ ಪ್ರಯರಿಗೆ ಹೋಗಿ. 1193ರಲ್ಲಿ ಶುರುವಾದ ಮಠ, ಸುಮಾರು ಮೂರು ಎಕರೆ ಜಾಗ, ಸುತ್ತ ಗೋಡೆ ಮತ್ತು ಗೋಪುರ. ದೂರದಿಂದ ಕೋಟೆ ಅಂತಲೇ ಅನಿಸುತ್ತದೆ. ಟಿಕೆಟ್ ಇಲ್ಲ, ಅಂಗಡಿ ಇಲ್ಲ, ಕುರಿಗಳು ಮೇಯುತ್ತಿರುತ್ತವೆ. ಗೂಗಲ್ ಮ್ಯಾಪ್ ಹಾಕುವಾಗ ಹುಷಾರು, ಡಬ್ಲಿನ್‌ನ ಇನ್ನೊಂದು ದಿಕ್ಕಿನಲ್ಲಿ ಮೀತ್ ಜಿಲ್ಲೆಯಲ್ಲೂ ಕೆಲ್ಸ್ ಅನ್ನೋ ಊರಿದೆ. ಹೊತ್ತಿದ್ದರೆ ಇನಿಶ್‌ಟೀಗ್‌ಗೂ ಹೋಗಿ, ಹತ್ತು ಕಮಾನಿನ ಹಳೇ ಕಲ್ಲಿನ ಸೇತುವೆಯ ಪಕ್ಕ ಹುಲ್ಲಿನ ಮೇಲೆ ಬುತ್ತಿ ಬಿಚ್ಚಲು ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಉತ್ತರದ ಡನ್‌ಮೋರ್ ಗುಹೆಯನ್ನು ನಿಮ್ಮ ವಯಸ್ಸಿನವರಿಗೆ ನಾನು ಹೇಳೋದಿಲ್ಲ, ಮೆಟ್ಟಿಲು ತುಂಬಾ ಜಾಸ್ತಿ.

ಈ ದಿನಕ್ಕೆ ಕಾರು ಬೇಕು. ಥಾಮಸ್‌ಟೌನ್‌ಗೆ ರೈಲಿದೆ ನಿಜ, ಆದರೆ ಅಲ್ಲಿಂದ ಮಠಕ್ಕೆ ಎರಡು ಕಿಲೋಮೀಟರ್‌ಗೂ ಜಾಸ್ತಿ, ವಾಹನ ಜೋರಾಗಿ ಓಡುವ ರಸ್ತೆಯಲ್ಲಿ ನಡೆಯೋದು ಬೇಡ, ಟ್ಯಾಕ್ಸಿ ಮಾಡಿ. ಅಲ್ಲೂ ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸೋದು. ಬಾಡಿಗೆ ಕಾರಿನವರ ವಯಸ್ಸಿನ ಮಿತಿ, ಲೈಸೆನ್ಸ್ ನಿಯಮ ಮೊದಲೇ ಕೇಳಿಕೊಳ್ಳಿ. ಕ್ಲಚ್ ಇಲ್ಲದ ಗಾಡಿ ಬೇಕಿದ್ದರೆ ಬೇಗ ಬುಕ್ ಮಾಡಬೇಕು.

ಶನಿವಾರ ರಾತ್ರಿ ತಪ್ಪಿಸಿ. ಮದುವೆಗೆ ಮುಂಚಿನ ಪಾರ್ಟಿಗಳಿಗೆ ಹೆಸರಾದ ಊರು ಅದು, ಗದ್ದಲ ಜೋರು. ಜೂನ್ ಮೊದಲ ಸೋಮವಾರ ಅಲ್ಲಿ ರಜೆ, ಆ ವಾರಾಂತ್ಯದಲ್ಲಿ ರೂಮಿನ ಬೆಲೆ ಏರಿರುತ್ತದೆ. ಸಸ್ಯಾಹಾರಿಗಳಾದರೆ ಸೂಪು ಮತ್ತು ಬ್ರೌನ್ ಬ್ರೆಡ್ ಎಲ್ಲ ಕಡೆ ಸಿಗುತ್ತೆ, ಆದರೆ ತರಕಾರಿ ಸೂಪನ್ನೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು, ಕೇಳಿಯೇ ತೆಗೆದುಕೊಳ್ಳಿ. ಕೊಡೆಗಿಂತ ಟೋಪಿಯಿರುವ ಮಳೆ ಜಾಕೆಟ್ ವಾಸಿ, ಅಲ್ಲಿನ ಗಾಳಿಗೆ ಕೊಡೆ ನಿಲ್ಲಲ್ಲ. ಮತ್ತೆ ವೀಸಾ: ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಶೆಂಗೆನ್ ಗುಂಪಿನಲ್ಲಿ ಐರ್ಲೆಂಡ್ ಇಲ್ಲ, ಆ ವೀಸಾ ಇದ್ದರೂ ಇದಕ್ಕೆ ಬೇರೆಯೇ ಬೇಕು.

ಮಗಳಿಗೆ ರಜೆ ಸಿಗದೆ ಒಂದೇ ದಿನ ಅಂತಾದರೆ ಟೂರ್ ಬಸ್ ಬಿಟ್ಟು ಬೆಳಗಿನ ಮೊದಲ ರೈಲಿಗೇ ಹೋಗಿ. ಕ್ಯಾಥೆಡ್ರಲ್, ರೋಥ್ ಹೌಸ್, ಕೋಟೆ, ಇಷ್ಟೇ ಸಾಕು, ಜೆರ್‌ಪಾಯಿಂಟನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.