ಹೆಮಿ ಎಂದರೆ ಯಾವ ಎಂಜಿನ್?

ಅರವತ್ತರ ದಶಕದ ಅಮೆರಿಕನ್ ಮಸಲ್ ಕಾರಿನ ಚಿತ್ರ ಕಂಡೊಡನೆ, ಬಾನೆಟ್‌ನಡಿ ಇರುವ ವಿ8 (ಎಂಟು ಸಿಲಿಂಡರಿನ ಎಂಜಿನ್) ಯಾವುದೆಂದು ವಿಚಾರಿಸದೆ ಅದನ್ನು ‘ಹೆಮಿ’ ಎಂದು ಕರೆದುಬಿಡುವ ರೂಢಿ ಈಚೆಗೆ ಮಿತಿಮೀರಿದೆ. ‘ಹೆಮಿ’ ಕ್ರೈಸ್ಲರ್ ಕಂಪನಿಯ ಎಂಜಿನ್ನಿನ ಹೆಸರು; ಅದರ ಪ್ರತಿಸ್ಪರ್ಧಿ ಷೆವ್ರೊಲೆಯ ಕಮಾರೋಗೂ ಈ ಬಿರುದು ಸಿಗತೊಡಗಿದ ಮೇಲೆ ಸುಮ್ಮನಿರುವುದು ಕಷ್ಟ.

ಗ್ರೀಕಿನಲ್ಲಿ ‘ಹೆಮಿ’ ಎಂದರೆ ಅರ್ಧ. ಲ್ಯಾಟಿನ್ನಿನ ‘ಸೆಮಿ’, ಸಂಸ್ಕೃತದ ‘ಸಾಮಿ’ ಇದರ ದಾಯಾದಿಗಳು. ಹಳಗನ್ನಡದ ‘ಪಾಲು’ ನಮ್ಮಲ್ಲಿ ‘ಹಾಲು’ ಆದಂತೆ, ಗ್ರೀಕಿನಲ್ಲಿ ಸ್ವರದ ಹಿಂದಿನ ಪದಾದಿಯ ಸಕಾರ ಹಕಾರವಾಯಿತು. ಸಂಸ್ಕೃತದ ‘ಸಪ್ತ’ಕ್ಕೆ ಅಲ್ಲಿ ‘ಹೆಪ್ಟ’ ಇರುವುದೂ ಇದೇ ಕಾರಣಕ್ಕೆ. ಎಂಜಿನ್ನಿನ ‘ಹೆಮಿ’ ಎಂಬುದು ‘ಹೆಮಿಸ್ಫೆರಿಕಲ್’ (ಅರ್ಧಗೋಳಾಕಾರದ) ಎಂಬುದರ ಮೊಟಕು ರೂಪ; ಹೀಗೆ ಅರ್ಧಗೋಳದಂತಿರುವುದು ಸಿಲಿಂಡರ್ ಹೆಡ್ಡಿನೊಳಗಿನ ದಹನಕೋಣೆ. ಎಂಜಿನ್ನಿನ ಗಾತ್ರಕ್ಕೂ ಸದ್ದಿಗೂ ಈ ಹೆಸರಿಗೂ ಸಂಬಂಧವಿಲ್ಲ.

ಗುಮ್ಮಟದಂಥ ಈ ಕೋಣೆಯಲ್ಲಿ ಒಳಹರಿವಿನ ಮತ್ತು ಹೊರಹರಿವಿನ ವಾಲ್ವ್‌ಗಳು ಎದುರುಬದುರಾಗಿ ಓರೆಯಾಗಿ ಕೂರುವುದರಿಂದ ಅವುಗಳನ್ನು ದೊಡ್ಡದಾಗಿಸಬಹುದು, ಗಾಳಿ ಒಂದು ಬದಿಯಿಂದ ನುಗ್ಗಿ ಇನ್ನೊಂದು ಬದಿಯಿಂದ ಸಲೀಸಾಗಿ ಹೊರಬೀಳುತ್ತದೆ. ಆದರೆ ಕ್ರೈಸ್ಲರ್‌ನ ವಿನ್ಯಾಸದಲ್ಲಿ ಒಂದೊಂದು ಹೆಡ್ಡಿಗೂ ಎರಡೆರಡು ರಾಕರ್ ಶಾಫ್ಟ್ (ವಾಲ್ವ್ ತೆರೆಯುವ ಸನ್ನೆಗಳನ್ನು ಹೊರುವ ದಂಡ) ಬೇಕು. ಹೆಡ್ ಅಗಲವಾಗುತ್ತದೆ, ತೂಕವೂ ಖರ್ಚೂ ಏರುತ್ತವೆ. ಇಂಥ ಎಂಜಿನ್‌ಗಳು ವಿರಳವಾಗಿದ್ದುದು ಇದರಿಂದಲೇ.

ಈ ಆಕಾರ ಕ್ರೈಸ್ಲರ್‌ನ ಆವಿಷ್ಕಾರವೇನಲ್ಲ; 1948ರ ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನಲ್ಲೂ ಅದಿತ್ತು. ಕ್ರೈಸ್ಲರ್ ಇದನ್ನು 1951ರಲ್ಲಿ ‘ಫೈರ್‌ಪವರ್’ ಹೆಸರಿನ ವಿ8ಗೆ ಅಳವಡಿಸಿತು. ಜನ ಇಂದು ನೆನೆಯುವ 426 ಘನ ಅಂಗುಲದ, ಸುಮಾರು ಏಳು ಲೀಟರಿನ ಹೆಮಿ ಹುಟ್ಟಿದ್ದು ರೇಸಿಗಾಗಿ. 1964ರ ಡೇಟೋನಾ 500 ರೇಸಿನಲ್ಲಿ ರಿಚರ್ಡ್ ಪೆಟ್ಟಿ ಇದರೊಡನೆ ಗೆದ್ದರು, ಮೊದಲ ಮೂರೂ ಸ್ಥಾನ ಕ್ರೈಸ್ಲರ್‌ನದೇ ಬ್ರ್ಯಾಂಡ್ ಆದ ಪ್ಲಿಮತ್ ಪಾಲಾದವು. ಮರುವರ್ಷ ಈ ರೇಸುಗಳನ್ನು ನಡೆಸುವ ಸಂಸ್ಥೆ ನ್ಯಾಸ್ಕಾರ್ ನಿಯಮ ಬದಲಿಸಿ ಅದನ್ನು ಹೊರಗಿಟ್ಟಾಗ ಕ್ರೈಸ್ಲರ್ ಸ್ಪರ್ಧೆಯನ್ನೇ ಬಹಿಷ್ಕರಿಸಿತು. 1966ರಲ್ಲಿ 425 ಅಶ್ವಶಕ್ತಿಯ ‘ಸ್ಟ್ರೀಟ್ ಹೆಮಿ’ಯನ್ನು ಸಾಮಾನ್ಯ ಗ್ರಾಹಕರಿಗೂ ಮಾರತೊಡಗಿತು. 1971ಕ್ಕೆ ಅದು ಮುಗಿಯಿತು.

ತಪ್ಪು ಹೆಚ್ಚಾಗಿ ನಡೆಯುವುದು 440 ಘನ ಅಂಗುಲದ ‘ಸಿಕ್ಸ್ ಪ್ಯಾಕ್’ ಎಂಜಿನ್ ವಿಷಯದಲ್ಲಿ. ಅದೂ ಕ್ರೈಸ್ಲರ್‌ನದೇ, ಗಾತ್ರದಲ್ಲಿ ಹೆಮಿಗಿಂತ ದೊಡ್ಡದು, ಆದರೆ ಅದರ ದಹನಕೋಣೆ ಬೆಣೆಯಾಕಾರದ್ದು, ವಾಲ್ವ್‌ಗಳೆಲ್ಲ ಒಂದೇ ಸಾಲಿನಲ್ಲಿ. ‘ದೊಡ್ಡದು, ಆದ್ದರಿಂದ ಹೆಮಿ’ ಎಂಬ ತರ್ಕ ಇಲ್ಲಿಗೇ ಬಿದ್ದುಹೋಗುತ್ತದೆ. 1969ರಲ್ಲಿ ಕೇವಲ 69 ಕಮಾರೋಗಳಿಗೆ ಕೂರಿಸಿದ, ಪೂರ್ತಿ ಅಲ್ಯೂಮಿನಿಯಂನ ಝಡ್‌ಎಲ್1 ಎಂಜಿನ್ ಹೆಮಿಗಿಂತಲೂ ಅಪರೂಪ; ಅದೂ ಹೆಮಿಯಲ್ಲ. ಫೋರ್ಡ್‌ನ ಬಾಸ್ 429 ಮಾತ್ರ ಹತ್ತಿರದ ನೆಂಟ: ಅದರ ಕೋಣೆ ಅರ್ಧಗೋಳವನ್ನು ಹೋಲುತ್ತದೆ, ಹೆಡ್ ಎಷ್ಟು ಅಗಲವೆಂದರೆ ಮಸ್ಟಾಂಗ್‌ಗೆ ಅದನ್ನು ತುರುಕಲು ಮುಂಭಾಗದ ಸಸ್ಪೆನ್ಷನ್ ಗೋಪುರಗಳನ್ನೇ ಬದಲಿಸಬೇಕಾಯಿತು. 2003ರಿಂದ ಬಂದ ಹೊಸ ಹೆಮಿಗಳದ್ದಾದರೋ ಪೂರ್ಣ ಅರ್ಧಗೋಳವಲ್ಲ. ಅಲ್ಲಿ ಉಳಿದಿರುವುದು ಬಹುಪಾಲು ಹೆಸರಿನ ವ್ಯಾಪಾರ.

426 ಹೆಮಿಯನ್ನು ಗುರುತಿಸುವುದು ಕಷ್ಟವೇನಲ್ಲ. ಅಗಲವಾದ ವಾಲ್ವ್ ಕವರಿನ ನಡುವೆಯೇ ನಾಲ್ಕು ಸ್ಪಾರ್ಕ್ ಪ್ಲಗ್ ವೈರುಗಳು ಒಳಗಿಳಿಯುತ್ತವೆ. 440ರಲ್ಲಿ ಅವು ಕೆಳಗೆ, ಎಕ್ಸಾಸ್ಟ್ ಬದಿಯಲ್ಲಿರುತ್ತವೆ. ಎಂಜಿನ್ ಬದಲಾಗಿರುವ ಶಂಕೆಯಿದ್ದರೆ ಕಾರಿನ ಗುರುತುಸಂಖ್ಯೆಯ ಐದನೆಯ ಅಕ್ಷರ ನೋಡಿ: 1970ರ ಕಾರಾದರೆ ‘ಆರ್’ ಹೆಮಿಯದು, ‘ವಿ’ ಸಿಕ್ಸ್ ಪ್ಯಾಕ್‌ನದು.